ಫ್ಲೂ ಜ್ವರದಲ್ಲಿ ಹಿಸ್ಟಮೀನಿನ ಕೈವಾಡ

ಸೊಳ್ಳೆ ಕಚ್ಚಿದ ಕೆಲವೇ ನಿಮಿಷಗಳಲ್ಲಿ ಚರ್ಮ ಕೆಂಪಾಗಿ ದದ್ದು ಏಳುತ್ತದೆ, ತುರಿಕೆ ಶುರುವಾಗುತ್ತದೆ. ಅಟ್ಟದ ಧೂಳು ಕೊಡವಿದರೆ ಕೆಲವರಿಗೆ ಸೀನಿನ ಮೇಲೆ ಸೀನು. ಎರಡಕ್ಕೂ ಮುಖ್ಯ ಕಾರಣ ಹಿಸ್ಟಮೀನ್ ಎಂಬ ರಾಸಾಯನಿಕ. ಫ್ಲೂ ಜ್ವರ ಬಂದಾಗಲೂ ಮೂಗು ಸೋರುವುದುಂಟು, ಸೀನು ಬರುವುದುಂಟು. ಹಾಗಾದರೆ ಅಲ್ಲಿಯೂ ಹಿಸ್ಟಮೀನಿನದೇ ಕೈವಾಡವೇ? ಅಲರ್ಜಿಗೆ ನುಂಗುವ ಮಾತ್ರೆಯನ್ನೇ ಫ್ಲೂಗೂ ನುಂಗಿದರೆ ಸಾಕೇ? ಔಷಧಿ ಅಂಗಡಿಯಲ್ಲಿ ‘ನೆಗಡಿ ಮಾತ್ರೆ’ ಕೇಳಿ ಪಡೆಯುವವರೆಲ್ಲ ತಿಳಿಯಬೇಕಾದ ವಿಷಯವಿದು.

ಹಿಸ್ಟಮೀನ್ ಹೊರಗಿನಿಂದ ಬಂದದ್ದಲ್ಲ. ಹಿಸ್ಟಿಡಿನ್ ಎಂಬ ಅಮೈನೋ ಆಮ್ಲದಿಂದ ನಮ್ಮ ದೇಹವೇ ಅದನ್ನು ತಯಾರಿಸುತ್ತದೆ. ಅದರ ಉಗ್ರಾಣವೇ ಮಾಸ್ಟ್ ಕೋಶ. 1878ರಲ್ಲಿ, ಇನ್ನೂ ವೈದ್ಯಕೀಯ ವಿದ್ಯಾರ್ಥಿಯಾಗಿದ್ದ ಜರ್ಮನಿಯ ಪಾಲ್ ಎರ್ಲಿಖ್, ಅಂಗಾಂಶಗಳಿಗೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿ ಈ ಕೋಶಗಳನ್ನು ವಿವರಿಸಿದರು. ಒಳಗೆ ಕಣಗಳು ಕಿಕ್ಕಿರಿದಿದ್ದುದರಿಂದ ಇವು ಚೆನ್ನಾಗಿ ಉಂಡು ಕೊಬ್ಬಿದ ಕೋಶಗಳೆಂದು ಭಾವಿಸಿ ಅದೇ ಅರ್ಥದ ಹೆಸರಿಟ್ಟರು. ಆ ಕಣಗಳು ಆಹಾರವಲ್ಲ, ಹಿಸ್ಟಮೀನ್ ಮೊದಲಾದ ರಾಸಾಯನಿಕಗಳ ಪುಟ್ಟ ಚೀಲಗಳೆಂಬುದು ಅನಂತರ ತಿಳಿಯಿತು. ಚರ್ಮ, ಶ್ವಾಸನಾಳ, ಕರುಳು ಹೀಗೆ ಹೊರಜಗತ್ತಿನ ಸಂಪರ್ಕವಿರುವ ಕಡೆಗಳಲ್ಲೆಲ್ಲ ಈ ಕೋಶಗಳು ಕಾವಲು ನಿಂತಿವೆ. ಶತ್ರುವಿನ ಸುಳಿವು ಸಿಕ್ಕಿದೊಡನೆ ಚೀಲ ಬಿಚ್ಚುತ್ತವೆ. ರಕ್ತನಾಳಗಳು ಹಿಗ್ಗಿ, ಅವುಗಳಿಂದ ದ್ರವ ಜಿನುಗುತ್ತದೆ. ರಕ್ಷಣೆಗೆ ಬರುವ ಬಿಳಿ ರಕ್ತಕಣಗಳಿಗೂ ದಾರಿಯಾಗುತ್ತದೆ.

ಹಿಸ್ಟಮೀನ್ ಮತ್ತು ಫ್ಲೂ, ಈ ಎರಡರ ಚರಿತ್ರೆಯಲ್ಲಿಯೂ ಬ್ರಿಟನ್ನಿನ ಪ್ಯಾಟ್ರಿಕ್ ಲೇಡ್ಲಾ ಅವರ ಹೆಸರಿದೆ. 1910ರಲ್ಲಿ ಅವರು ಹೆನ್ರಿ ಡೇಲ್ ಜೊತೆಗೂಡಿ, ಹಿಸ್ಟಮೀನ್ ಪ್ರಾಣಿಗಳ ಶ್ವಾಸನಾಳವನ್ನು ಬಿಗಿಯುವುದನ್ನೂ ರಕ್ತದೊತ್ತಡ ಇಳಿಸುವುದನ್ನೂ ವಿವರಿಸಿದರು. 1933ರಲ್ಲಿ ವಿಲ್ಸನ್ ಸ್ಮಿತ್, ಕ್ರಿಸ್ಟೋಫರ್ ಆಂಡ್ರೂಸ್ ಅವರೊಂದಿಗೆ ಮನುಷ್ಯರ ಫ್ಲೂ ವೈರಸ್ಸನ್ನು ಪತ್ತೆ ಹಚ್ಚಿದರು. ರೋಗಿಗಳು ಗಂಟಲು ಮುಕ್ಕಳಿಸಿದ ನೀರನ್ನು ಸೋಸಿ, ಮುಂಗುಸಿಯಂತೆ ಕಾಣುವ ಫೆರೆಟ್‌ಗಳ ಮೂಗಿಗೆ ಹಾಕಿದಾಗ ಅವಕ್ಕೂ ಜ್ವರ ಬಂದಿತು.

ಲೇಡ್ಲಾ 1940ರಲ್ಲಿ ತೀರಿಕೊಂಡರು. ಈ ಎರಡರ ನಂಟು ಇಲಿಗಳ ಮೇಲಿನ ಪ್ರಯೋಗಗಳಲ್ಲಿ ಸ್ಪಷ್ಟವಾಗಿ ಕಂಡದ್ದು ಬಹಳ ತಡವಾಗಿ. 2012ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಹಕ್ಕಿಜ್ವರದ ವೈರಸ್ ತಗುಲಿದ ಇಲಿಗಳಿಗೆ, ಮಾಸ್ಟ್ ಕೋಶಗಳು ಚೀಲ ಬಿಚ್ಚದಂತೆ ತಡೆಯುವ ಕೀಟೋಟಿಫೆನ್ ಔಷಧ ಕೊಟ್ಟಾಗ ಶ್ವಾಸಕೋಶದ ಹಾನಿ ತಗ್ಗಿತು. ವೈರಸ್ ನಿರೋಧಕ ಔಷಧದ ಜೊತೆ ಇದನ್ನೂ ಕೊಟ್ಟಾಗ ಹೆಚ್ಚು ಇಲಿಗಳು ಬದುಕಿದವು. 2013ರ ಇನ್ನೊಂದು ಅಧ್ಯಯನದಲ್ಲಿ ಹುಟ್ಟಿನಿಂದಲೇ ಮಾಸ್ಟ್ ಕೋಶಗಳಿಲ್ಲದ ಇಲಿಗಳ ಶ್ವಾಸಕೋಶದಲ್ಲಿ ಉರಿಯೂತ ಕಡಿಮೆಯಿತ್ತು. ಅಂದರೆ ಹಾನಿಯೆಲ್ಲ ವೈರಸ್ಸಿನದಲ್ಲ. ಕಾವಲುಗಾರನ ಅತಿ ಉತ್ಸಾಹದ ಪಾಲೂ ಅದರಲ್ಲಿದೆ.

ಆದರೆ ಇಲಿಯ ಫಲಿತಾಂಶ ಮನುಷ್ಯನಿಗೆ ಚಿಕಿತ್ಸೆಯಾಗದು. ಮಾಸ್ಟ್ ಕೋಶದಿಂದ ಹೊರಬರುವುದು ಹಿಸ್ಟಮೀನ್ ಒಂದೇ ಅಲ್ಲ. ಫ್ಲೂವಿನ ಜ್ವರ, ಮೈಕೈ ನೋವುಗಳಿಗೆ ಸೈಟೊಕೈನ್ ಎಂಬ ಬೇರೆ ರಾಸಾಯನಿಕಗಳು ಕಾರಣ. ಸಾಮಾನ್ಯ ನೆಗಡಿಯ ಪರೀಕ್ಷೆಗಳಲ್ಲೂ ಮೂಗಿನ ದ್ರವದಲ್ಲಿ ಹೆಚ್ಚಿದ್ದು ಕೈನಿನ್ ಎಂಬ ವಸ್ತು, ಹಿಸ್ಟಮೀನ್ ಅಲ್ಲ. ಕ್ಲೋರ್‌ಫೆನಿರಮೀನ್‌ನಂಥ ಹಳೆಯ ಮಾತ್ರೆಗಳಿಂದ ಮೂಗು ಸೋರುವುದು ಕೊಂಚ ತಗ್ಗುವುದು, ಅವು ಬೇರೊಂದು ಬಗೆಯಿಂದ ಸ್ರಾವವನ್ನು ಒಣಗಿಸುವುದರಿಂದ. ಜೊತೆಗೆ ತೂಕಡಿಕೆ ತರುತ್ತವೆ. ನುಂಗಿ ಸ್ಕೂಟರ್ ಓಡಿಸುವುದು ಅಪಾಯ. ಇದೇ ಔಷಧವನ್ನು ಫಿನೈಲೆಫ್ರಿನ್ ಜೊತೆ ಬೆರೆಸಿದ ಸಿರಪ್ಪುಗಳನ್ನು 4 ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂದು 2023ರ ಡಿಸೆಂಬರ್‌ನಲ್ಲಿ ಕೇಂದ್ರದ ಔಷಧ ನಿಯಂತ್ರಕರು ಎಚ್ಚರಿಸಿದ್ದಾರೆ.

ನೆಗಡಿ ಮಾತ್ರೆ ಫ್ಲೂ ವೈರಸ್ಸನ್ನು ಕೊಲ್ಲುವುದಿಲ್ಲ. ವೃದ್ಧರು, ಗರ್ಭಿಣಿಯರು, ಎಳೆಯ ಮಕ್ಕಳು, ಉಬ್ಬಸ ಅಥವಾ ಸಕ್ಕರೆ ಕಾಯಿಲೆ ಇರುವವರು ಜ್ವರ ಬಂದರೆ ಬೇಗ ವೈದ್ಯರನ್ನು ಕಾಣಬೇಕು. ವೈದ್ಯರು ಬರೆದುಕೊಡುವ ಒಸೆಲ್ಟಾಮಿವಿರ್ ಹೆಚ್ಚು ಫಲ ಕೊಡುವುದು ಮೊದಲ 48 ಗಂಟೆಗಳೊಳಗೆ ಶುರು ಮಾಡಿದರೆ. ಅಷ್ಟರಲ್ಲಿ ಮಾತ್ರೆ ನುಂಗಿ ‘ನಾಳೆ ನೋಡೋಣ’ ಎಂದು ಮಲಗಿದರೆ ಆ ಅಮೂಲ್ಯ ಸಮಯ ಕಳೆದುಹೋಗುತ್ತದೆ. ಉಸಿರಾಟ ಕಷ್ಟವಾದರಂತೂ ಯಾರೇ ಆಗಲಿ ಕೂಡಲೇ ಆಸ್ಪತ್ರೆಗೆ ಹೋಗುವುದೇ ಸರಿ.