ಕರ್ನಾಟಕ ಚಿತ್ರಕಲಾ ಪರಿಷತ್ತು

ಕರ್ನಾಟಕ ಚಿತ್ರಕಲಾ ಪರಿಷತ್ತು ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿರುವ ದೃಶ್ಯಕಲಾ ಸಂಸ್ಥೆಯಾಗಿದೆ. 1960ರಲ್ಲಿ ಸ್ಥಾಪನೆಯಾದ ಈ ಸಂಸ್ಥೆಯ ಆವರಣದಲ್ಲಿ ಕಲಾ ವಸ್ತುಸಂಗ್ರಹಾಲಯ, ಪ್ರದರ್ಶನಾಲಯಗಳು ಹಾಗೂ ಚಿತ್ರಕಲಾ ಮಹಾವಿದ್ಯಾಲಯ ಇವೆ. ಪ್ರತಿವರ್ಷ ಇಲ್ಲಿ ನಡೆಯುವ ಚಿತ್ರಸಂತೆಯು ನಗರದ ಪ್ರಮುಖ ಸಾರ್ವಜನಿಕ ಕಲಾ ಉತ್ಸವಗಳಲ್ಲೊಂದು.

ಹಿನ್ನೆಲೆ

ಮೈಸೂರು ಸಂಸ್ಥಾನದಲ್ಲಿ ಚಿತ್ರಕಾರರಿಗೆ ಅರಮನೆಯೇ ಮುಖ್ಯ ಆಶ್ರಯವಾಗಿತ್ತು. ರಾಜಾಶ್ರಯ ಕೊನೆಗೊಂಡ ಬಳಿಕ ಸಾಂಪ್ರದಾಯಿಕ ಚಿತ್ರಕಲೆ ಮತ್ತು ಗ್ರಾಮೀಣ ಕಲಾಪ್ರಕಾರಗಳು ಪೋಷಣೆಯಿಲ್ಲದೆ ಸೊರಗತೊಡಗಿದವು. ಕಲೆಯನ್ನು ಕಲಿಸುವ, ಸಂಗ್ರಹಿಸುವ ಮತ್ತು ಜನರಿಗೆ ತೋರಿಸುವ ಸಾರ್ವಜನಿಕ ಸಂಸ್ಥೆಯೊಂದರ ಅಗತ್ಯ ಈ ಸಂದರ್ಭದಲ್ಲಿ ಕಂಡುಬಂದಿತು. ಕಲಾವಿದ ಎಂ. ಎಸ್. ನಂಜುಂಡರಾವ್ ಅವರು ಪರಿಷತ್ತನ್ನು ಕಟ್ಟಿ ಬೆಳೆಸಿದವರಲ್ಲಿ ಪ್ರಮುಖರು. ಎಂ. ಆರ್ಯಮೂರ್ತಿ ಅವರೂ ಸಂಸ್ಥೆಯ ಬೆಳವಣಿಗೆಯಲ್ಲಿ ಮಹತ್ವದ ಪಾತ್ರ ವಹಿಸಿದರು. 1983ರಲ್ಲಿ ಇಲ್ಲಿ ಚಿತ್ರಕಲಾ ಮಹಾವಿದ್ಯಾಲಯ ಆರಂಭವಾಯಿತು.

ಸಂಗ್ರಹಗಳು

ಪರಿಷತ್ತಿನ 18 ಗ್ಯಾಲರಿಗಳ ಪೈಕಿ 13ರಲ್ಲಿ ಶಾಶ್ವತ ಸಂಗ್ರಹವಿದೆ. ಉಳಿದವುಗಳನ್ನು ಕಲಾವಿದರ ಪ್ರದರ್ಶನಗಳಿಗೆ ಬಾಡಿಗೆಗೆ ನೀಡಲಾಗುತ್ತದೆ.

ಮೈಸೂರು ಸಾಂಪ್ರದಾಯಿಕ ಚಿತ್ರಗಳು: ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಈ ಶೈಲಿಗೆ ಹೆಚ್ಚಿನ ಪ್ರೋತ್ಸಾಹ ದೊರೆಯಿತು. ಆಭರಣ, ವಸ್ತ್ರದ ಅಂಚು ಮುಂತಾದ ಭಾಗಗಳನ್ನು ಅಂಟಿನ ಲೇಪದಿಂದ ತುಸುವೇ ಉಬ್ಬಿಸಿ, ಅದರ ಮೇಲೆ ಚಿನ್ನದ ರೇಕನ್ನು ಹಚ್ಚುವುದು ಇದರ ವೈಶಿಷ್ಟ್ಯ. ತಂಜಾವೂರು ಶೈಲಿಯಲ್ಲಿ ಈ ಉಬ್ಬು ಹೆಚ್ಚು ದಪ್ಪವಾಗಿರುತ್ತದೆ.

ತೊಗಲುಗೊಂಬೆಗಳು: ಹದಗೊಳಿಸಿದ ಚರ್ಮದ ಮೇಲೆ ಬಣ್ಣ ಬಳಿದು, ರಂಧ್ರಗಳನ್ನು ಕೊರೆದು ಈ ಗೊಂಬೆಗಳನ್ನು ಮಾಡುತ್ತಾರೆ. ಬಿಳಿ ಪರದೆಯ ಹಿಂದೆ ದೀಪವಿಟ್ಟು ರಾಮಾಯಣ, ಮಹಾಭಾರತದ ಕಥೆಗಳನ್ನು ಆಡಿಸುತ್ತಾರೆ. ಕಿಳ್ಳೇಕ್ಯಾತ ಸಮುದಾಯದವರು ಊರೂರು ಸುತ್ತಿ ಈ ಕಲೆಯನ್ನು ಉಳಿಸಿಕೊಂಡು ಬಂದವರು. ಆಟಕ್ಕೆ ಕರೆಯುವ ಊರುಗಳು ಕಡಿಮೆಯಾದಂತೆ ಗೊಂಬೆಗಳೂ ಚದುರಿಹೋಗುವ ಅಪಾಯವಿತ್ತು. ಪರಿಷತ್ತಿನ ಸಂಗ್ರಹವು ಅವುಗಳನ್ನು ಅಧ್ಯಯನಕ್ಕೆ ಉಳಿಸಿಕೊಟ್ಟಿದೆ. ಆದರೆ ಗಾಜಿನೊಳಗಿನ ಗೊಂಬೆಯು ಆಟಕ್ಕೆ ಪರ್ಯಾಯವಲ್ಲ. ಹಾಡು, ಮಾತು ಮತ್ತು ಕೈಚಳಕ ಕಲಾವಿದರ ಕುಟುಂಬಗಳಲ್ಲಿಯೇ ಉಳಿಯಬೇಕಾಗುತ್ತದೆ.

ಇತರ ಸಂಗ್ರಹಗಳು: ಹಿಮಾಲಯದ ಚಿತ್ರಗಳಿಂದ ಖ್ಯಾತರಾದ ರಷ್ಯಾದ ನಿಕೋಲಸ್ ರೋರಿಕ್ ಹಾಗೂ ಬೆಂಗಳೂರಿನ ಹೊರವಲಯದ ತಾತಗುಣಿ ಎಸ್ಟೇಟಿನಲ್ಲಿ ನೆಲೆಸಿದ್ದ ಅವರ ಮಗ ಸ್ವೆತೊಸ್ಲಾವ್ ರೋರಿಕ್ ಅವರ ಕೃತಿಗಳು ಇಲ್ಲಿವೆ. ಕೇಜ್ರಿವಾಲ್ ಕುಟುಂಬ ನೀಡಿದ ಸಂಗ್ರಹವೂ, ಮುದ್ರಣ ಕಲಾವಿದ ಕೃಷ್ಣ ರೆಡ್ಡಿ ಅವರ ಕೃತಿಗಳೂ ಇಲ್ಲಿವೆ.

ಚಿತ್ರಸಂತೆ

ಚಿತ್ರಸಂತೆ 2003ರಲ್ಲಿ ಆರಂಭವಾಯಿತು. ಸಾಮಾನ್ಯವಾಗಿ ಜನವರಿಯ ಮೊದಲ ಭಾನುವಾರ ಕುಮಾರಕೃಪಾ ರಸ್ತೆಯಲ್ಲಿ ವಾಹನ ಸಂಚಾರವನ್ನು ನಿಲ್ಲಿಸಿ ಇದನ್ನು ನಡೆಸಲಾಗುತ್ತದೆ. ದೇಶದ ಹಲವು ರಾಜ್ಯಗಳಿಂದ ಬರುವ ಸಾವಿರಕ್ಕೂ ಹೆಚ್ಚು ಕಲಾವಿದರು ರಸ್ತೆಯ ಇಕ್ಕೆಲಗಳಲ್ಲಿ ತಮ್ಮ ಕೃತಿಗಳನ್ನು ಇಟ್ಟು ಮಾರುತ್ತಾರೆ. ಪ್ರವೇಶ ಉಚಿತ. ಗ್ಯಾಲರಿಯ ಮಧ್ಯಸ್ಥಿಕೆಯಿಲ್ಲದೆ ಕೊಳ್ಳುವವರು ಕಲಾವಿದರೊಡನೆ ನೇರವಾಗಿ ಮಾತನಾಡಬಹುದು. ನೂರಾರು ರೂಪಾಯಿಗಳ ಸಣ್ಣ ಚಿತ್ರಗಳಿಂದ ಲಕ್ಷಾಂತರ ರೂಪಾಯಿಗಳ ಕೃತಿಗಳವರೆಗೆ ಇಲ್ಲಿ ದೊರೆಯುತ್ತವೆ. ಪ್ರದರ್ಶನಾಲಯದ ಬಾಡಿಗೆ ಭರಿಸಲಾಗದ ಯುವ ಕಲಾವಿದರಿಗೆ ಇದು ಮುಖ್ಯ ಅವಕಾಶವಾಗಿದೆ.

ಕೋವಿಡ್ ಕಾರಣದಿಂದ 2021ರ ಸಂತೆ ಆನ್‌ಲೈನ್‌ನಲ್ಲಿ ನಡೆಯಿತು. 2024ರ ಸಂತೆಯನ್ನು ಭಾರತದ ಬಾಹ್ಯಾಕಾಶ ವಿಜ್ಞಾನಿಗಳಿಗೂ, 2025ರದನ್ನು ಹೆಣ್ಣುಮಗುವಿಗೂ ಅರ್ಪಿಸಲಾಯಿತು.

ನಗರದ ಹೊರವಲಯ ಮತ್ತು ಕಲೆ

ಬೆಂಗಳೂರಿನ ಪ್ರಮುಖ ಕಲಾ ಸಂಗ್ರಹಗಳಾದ ಚಿತ್ರಕಲಾ ಪರಿಷತ್ತು, ವೆಂಕಟಪ್ಪ ಚಿತ್ರಶಾಲೆ ಹಾಗೂ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯಗಳು ನಗರದ ಕೇಂದ್ರಭಾಗದಲ್ಲಿವೆ. ಕಾರ್ಖಾನೆಗಳು ಮತ್ತು ತಂತ್ರಜ್ಞಾನ ಕಂಪನಿಗಳು ಹೆಚ್ಚಾಗಿರುವ ಬೊಮ್ಮಸಂದ್ರ, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯ, ವೈಟ್‌ಫೀಲ್ಡ್‌ಗಳು ಅಂಚಿನಲ್ಲಿವೆ. ಆದ್ದರಿಂದ ಪಾಳಿಯಲ್ಲಿ ದುಡಿಯುವವರಿಗೆ ಉಚಿತ ಪ್ರವೇಶದಷ್ಟೇ ದೂರ ಮತ್ತು ರಜೆಯ ದಿನವೂ ಮುಖ್ಯವಾಗುತ್ತವೆ. ಚಿತ್ರಸಂತೆ ಭಾನುವಾರ ನಡೆಯುವುದು ಈ ದೃಷ್ಟಿಯಿಂದ ಅನುಕೂಲಕರ.

2025ರ ಆಗಸ್ಟ್ 10ರಂದು ನಮ್ಮ ಮೆಟ್ರೊದ 19.15 ಕಿ.ಮೀ. ಉದ್ದದ ಹಳದಿ ಮಾರ್ಗ ಉದ್ಘಾಟನೆಯಾಗಿ, ಆನೇಕಲ್ ತಾಲ್ಲೂಕಿನ ಬೊಮ್ಮಸಂದ್ರವು ಆರ್. ವಿ. ರಸ್ತೆ ನಿಲ್ದಾಣದೊಂದಿಗೆ ಸಂಪರ್ಕ ಪಡೆಯಿತು. ಅಲ್ಲಿ ಹಸಿರು ಮಾರ್ಗಕ್ಕೆ ಬದಲಿಸಿ ಮಂತ್ರಿ ಸ್ಕ್ವೇರ್ ಸಂಪಿಗೆ ರಸ್ತೆ ನಿಲ್ದಾಣವನ್ನು ತಲುಪಿದರೆ, ಪರಿಷತ್ತಿಗೆ ಆಟೊ ಅಥವಾ ಬಸ್ಸಿನಲ್ಲಿ ಹೋಗಬಹುದು. ಕಲೆಯೇ ಹೊರವಲಯಕ್ಕೆ ಹೋದ ಉದಾಹರಣೆಯೂ ಇದೆ: ಸೃಷ್ಟಿ ವಿನ್ಯಾಸ ಸಂಸ್ಥೆಯ ವಿದ್ಯಾರ್ಥಿಗಳು ‘ಆರ್ಟ್ ಇನ್ ಟ್ರಾನ್ಸಿಟ್’ ಯೋಜನೆಯಡಿ ಪೀಣ್ಯ ಮೆಟ್ರೊ ನಿಲ್ದಾಣದಲ್ಲಿ ಚಿತ್ರಗಳನ್ನು ರಚಿಸಿದ್ದಾರೆ.