ಊರಿಗೆ ಹೊರಡುವ ಮುನ್ನ ಹಳೇ ಕಾರಿನ ‘ಟಿಕ್ ಟಿಕ್’ ಕೇಳಿ

ಹಬ್ಬಕ್ಕೆ ಪುಣೆಯಿಂದ ಹುಬ್ಬಳ್ಳಿ ಕಡೆ ಹಳೇ ಕಾರಿನಲ್ಲೇ ಹೊರಡುವವರು ನಮ್ಮಲ್ಲಿ ಅನೇಕರು. 400 ಕಿ.ಮೀ.ಗೂ ಹೆಚ್ಚು ದಾರಿ, ಕಿಟಕಿ ಮುಚ್ಚಿ ಎ.ಸಿ. ಹಾಕಿರುತ್ತೇವೆ, ಹಿಂದಿನ ಸೀಟಿನಲ್ಲಿ ಮಕ್ಕಳು ಮಲಗಿರುತ್ತಾರೆ. ಹೊರಡುವುದಕ್ಕೆ ವಾರ ಮೊದಲೇ ಒಂದು ಬೆಳಿಗ್ಗೆ, ಬೇಸ್‌ಮೆಂಟ್‌ನಲ್ಲಲ್ಲ, ಬಯಲಿನಲ್ಲಿ ಬಾನೆಟ್ ತೆರೆದು ಎಂಜಿನ್ ಸ್ಟಾರ್ಟ್ ಮಾಡಿ. ‘ಟಿಕ್ ಟಿಕ್’ ಸದ್ದು ಬಂದು, ಎಂಜಿನ್ ಬಿಸಿಯಾದಂತೆ ಕಡಿಮೆಯಾದರೆ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ ಸವೆದಿರಬಹುದು. ಲೋಹ ಹಿಗ್ಗಿ ಸಂದು ಕಿರಿದಾಗುವುದರಿಂದ ಸದ್ದು ಅಡಗುತ್ತದೆ, ದೋಷ ಉಳಿದೇ ಇರುತ್ತದೆ. ಅಲ್ಲಿ ಸೋರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಕಾರಿನೊಳಗೆ ಸೇರಿದರೆ ತಲೆನೋವು, ಮಂಪರು, ಕೊನೆಗೆ ಪ್ರಾಣಕ್ಕೇ ಅಪಾಯ.

ಸ್ಪಾನರ್ ಹಿಡಿದು ಅಭ್ಯಾಸವಿದ್ದವರು ಇದನ್ನು ಮನೆಯಲ್ಲೇ ಬದಲಿಸಬಹುದು. ಹಿಂದಿನ ರಾತ್ರಿಯೇ ನಟ್‌ಗಳಿಗೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಡಿ. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗಲೇ ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿ. ಕಾರಿನಡಿ ಹೋಗಬೇಕಾದರೆ ಜಾಕ್ ಒಂದನ್ನೇ ನಂಬದೆ ಸ್ಟ್ಯಾಂಡ್ ಇಡಿ. ಮ್ಯಾನಿಫೋಲ್ಡ್ ಸರಿಸಿ, ಮಾಸ್ಕ್ ಹಾಕಿಕೊಂಡು, ಹಳೇ ಗ್ಯಾಸ್ಕೆಟಿನ ಚೂರುಗಳನ್ನು ನೀರಿನಿಂದ ಒದ್ದೆ ಮಾಡಿ ಕೆರೆದು ತೆಗೆಯಿರಿ. ಹೊಸದನ್ನು ಕೂರಿಸಿ, ನಟ್‌ಗಳನ್ನು ಮೊದಲು ಕೈಯಲ್ಲೇ ತಿರುಗಿಸಿ. ಆಮೇಲೆ ನಡುವಿನಿಂದ ಅಂಚಿನ ಕಡೆಗೆ, ಎರಡು ಮೂರು ಸುತ್ತಿನಲ್ಲಿ, ಮ್ಯಾನ್ಯುಯಲ್ ಹೇಳಿದ ಟಾರ್ಕಿನಷ್ಟೇ ಬಿಗಿ ಮಾಡಿ. ಒಂದೇ ಬದಿ ಬಿಗಿದರೆ ಹೊಸ ಗ್ಯಾಸ್ಕೆಟ್ಟೂ ಸೋರುತ್ತದೆ.

ನಟ್ ಅಲ್ಲಾಡದಿದ್ದರೆ ಹಟ ಬೇಡ, ಮೆಕ್ಯಾನಿಕ್ಕನ್ನು ಕರೆಯಿರಿ. ಸ್ಟಡ್ ತುಂಡಾದರೆ ಖರ್ಚು ಗ್ಯಾಸ್ಕೆಟ್ಟಿಗೆ ನಿಲ್ಲುವುದಿಲ್ಲ. ಕೆಲಸ ಮುಗಿದ ಮರುದಿನ ಬೆಳಿಗ್ಗೆ ಮತ್ತೊಮ್ಮೆ ಸ್ಟಾರ್ಟ್ ಮಾಡಿ ಕೇಳಿ. ಸದ್ದು ಇನ್ನೂ ಇದ್ದರೆ ಈ ಸಲ ಊರಿಗೆ ಬಸ್ಸೇ ಸರಿ.