ಬೆಳ್ಳಿ ತಾಮ್ರಕ್ಕೆ ಬೆಸೆದಾಗ

ಇಂಗ್ಲೆಂಡಿನ ಶೆಫೀಲ್ಡ್ ಚಾಕು ಮಾಡುವವರ ಊರು. ಅಲ್ಲಿನ ಕಸುಬುದಾರ ಥಾಮಸ್ ಬೌಲ್ಸೋವರ್‌ನ ಕೈಗೆ 1743ರ ಸುಮಾರಿಗೆ ಒಂದು ಚಾಕು ರಿಪೇರಿಗೆ ಬಂತು. ಅದರ ಹಿಡಿಯಲ್ಲಿ ಬೆಳ್ಳಿಯೂ ಇತ್ತು, ತಾಮ್ರವೂ ಇತ್ತು. ಕಾವು ಹದ ಮೀರಿ ಎರಡೂ ಬೆಸೆದುಕೊಂಡವು ಎಂದು ಆ ಊರಿನವರು ತಲೆತಲಾಂತರದಿಂದ ಹೇಳುತ್ತ ಬಂದಿದ್ದಾರೆ.

ಕಾವು ಹೆಚ್ಚಾಗಿ ಕೆಲಸ ಕೆಡುವುದು ಯಾವ ಕುಲುಮೆಗೂ ಹೊಸದಲ್ಲ. ಬೌಲ್ಸೋವರ್‌ನ ಹೆಚ್ಚುಗಾರಿಕೆ ಇರುವುದು ಕೆಟ್ಟದ್ದನ್ನು ಮೂಲೆಗೆಸೆಯದೆ ಪರೀಕ್ಷಿಸಿದ್ದರಲ್ಲಿ. ಬೆಸೆದ ಲೋಹವನ್ನು ಹಿಗ್ಗಿಸಿದರೆ ಬೆಳ್ಳಿ ಸುಲಿಯಲೂ ಇಲ್ಲ, ಬಿರಿಯಲೂ ಇಲ್ಲ; ತಾಮ್ರ ಹಿಗ್ಗಿದಷ್ಟೂ ತಾನೂ ಹಿಗ್ಗಿತು. ನನ್ನ ಮಟ್ಟಿಗೆ ಆವಿಷ್ಕಾರವೆಂದರೆ ಇದೇ.

ಬೆಳ್ಳಿ ಕರಗಲು ಸುಮಾರು 962 ಡಿಗ್ರಿ ಸೆಲ್ಸಿಯಸ್ ಕಾವು ಬೇಕು, ತಾಮ್ರಕ್ಕೆ 1085. ಆದರೆ ಎರಡೂ ಬೆರೆತರೆ 780 ಡಿಗ್ರಿಯ ಹತ್ತಿರವೇ ಕರಗತೊಡಗುತ್ತವೆ. ಹಾಗಾಗಿ ಲೋಹಗಳು ಒಂದಕ್ಕೊಂದು ತಾಗಿದ ಕಡೆಯಷ್ಟೇ ಮೊದಲು ನೀರಾಗುತ್ತದೆ. ಮುಂದೆ ಇದನ್ನೇ ಕಸುಬಾಗಿಸಿಕೊಂಡವರು ತಾಮ್ರದ ದಪ್ಪ ಗಟ್ಟಿಯ ಮೇಲೆ ಬೆಳ್ಳಿಯ ತಗಡಿಟ್ಟು, ತಂತಿಯಿಂದ ಬಿಗಿದು, ಅಂಚಿಗೆ ಬಿಳಿಗಾರ ಸವರಿ ಕುಲುಮೆಗೆ ಇಡುತ್ತಿದ್ದರು. ಅಂಚಿನಲ್ಲಿ ಬೆಳ್ಳಿ ಜಿನುಗಿದ ಕ್ಷಣವೇ ಹೊರತೆಗೆಯಬೇಕು. ಆಮೇಲೆ ರೋಲರಿಗೆ ಕೊಟ್ಟು ತಗಡು ಮಾಡುವುದು.

ಬೌಲ್ಸೋವರ್ ಇದರಿಂದ ಗುಂಡಿಗಳನ್ನು ಮಾಡಿದ, ಪೇಟೆಂಟ್ ಪಡೆಯಲಿಲ್ಲ. ಅದೇ ಊರಿನ ಜೋಸೆಫ್ ಹ್ಯಾನ್‌ಕಾಕ್ ಮುಂತಾದವರು ಮೇಣದಬತ್ತಿ ಕಂಬ, ಪಾತ್ರೆಗಳಿಗೆ ಕೈಹಾಕಿದರು. ಅಪ್ಪಟ ಬೆಳ್ಳಿ ಕೊಳ್ಳಲಾಗದ ಮನೆಗಳ ಊಟದ ಮೇಜಿಗೂ ಬೆಳ್ಳಿಯ ಹೊಳಪು ಬಂತು. ದಿನವೂ ತಿಕ್ಕಿಸಿಕೊಳ್ಳುವ ಚಮಚ, ಫೋರ್ಕುಗಳಿಗೆ ಮಾತ್ರ ಇದು ಅಷ್ಟಾಗಿ ಒಗ್ಗಲಿಲ್ಲ. ಬೆಳ್ಳಿ ಬೇಗ ಸವೆಯುತ್ತಿತ್ತು.

1840ರಲ್ಲಿ ಬರ್ಮಿಂಗ್‌ಹ್ಯಾಮಿನ ಎಲ್ಕಿಂಗ್‌ಟನ್ನರು ವಿದ್ಯುತ್ತಿನಿಂದ ಬೆಳ್ಳಿ ಲೇಪಿಸಲು ಪೇಟೆಂಟ್ ಪಡೆದರು. ಅಗ್ಗದ ಆ ವಿಧಾನದ ಮುಂದೆ ಬೆಸುಗೆಯ ಕಸುಬು ನಿಲ್ಲಲಿಲ್ಲ.

ಹೀಗೆ ಬೆಸೆದು ಮಾಡಿದ ಹಳೆಯ ವಸ್ತುಗಳಲ್ಲಿ ಸಂಗ್ರಾಹಕರು ಇಂದಿಗೂ ಮೊದಲು ನೋಡುವುದು ಅಂಚನ್ನು. ಕತ್ತರಿಸಿದ ತಗಡಿನ ತುದಿಯಲ್ಲಿ ತಾಮ್ರದ ಕೆಂಪುಗೆರೆ ಕಾಣುತ್ತದೆಂದು ಅದನ್ನು ಬೆಳ್ಳಿತಂತಿಯಿಂದ ಮುಚ್ಚುತ್ತಿದ್ದರು. ಆ ತಂತಿಯ ಜೋಡಣೆ ಉಗುರಿಗೆ ಸಿಗುತ್ತದೆ. ಉಬ್ಬಿದ ಕಡೆ ಬೆಳ್ಳಿ ಸವೆದು ತಾಮ್ರ ಇಣುಕಿದರೆ ಗಾಬರಿ ಬೇಡ. ಹೊಸದಾಗಿ ಕಾಣಲೆಂದು ಅದಕ್ಕೆ ವಿದ್ಯುತ್ ಲೇಪನ ಮಾಡಿಸಿದರೆ, ಬೆಸೆದ ಬೆಳ್ಳಿಯ ಮೂಲ ಮೈ ಮುಚ್ಚಿಹೋಗಿ ವಸ್ತುವಿನ ಬೆಲೆಯೂ ಇಳಿಯುತ್ತದೆ.